ದನ ತಿಂದ ಗೂಡುದೀಪ

ದಿನಕ್ಕೆ ಮುನ್ನೂರು ದೋಸೆ ಹುಯ್ಯುವ ಕೈಗೆ ಒಂದು ಗೂಡುದೀಪ ಮಾಡುವುದು ಯಾವ ದೊಡ್ಡ ಕೆಲಸ? ಪುಣೆಯಲ್ಲಿ ಬಸ್ಸು ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ ಪ್ರಶ್ನೆ. ಅದಕ್ಕೊಂದು ಉತ್ತರ ಬೇಕು ಎಂದು ನನಗೆ ಅನಿಸಿರಲೂ ಇಲ್ಲ.

ಪುಣೆಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಹೆಂಡತಿ ಸುಜಾತ, ಮೂರನೇ ಕ್ಲಾಸಿನ ಮಗಳು ಶ್ರಾವ್ಯ, ಬೆಳ್ಳಿ ಎಂಬ ದನ, ಇವರು ಮೂವರೂ ಇರುವುದು ಕುಂದಾಪುರದ ಹತ್ತಿರದ ತೆಕ್ಕಟ್ಟೆಯ ಮನೆಯಲ್ಲಿ. ನಾನು ವರ್ಷಕ್ಕೆ ಎರಡು ಸಲ ಹೋಗಿ ಮುಖ ತೋರಿಸಿ ಬರುವವನು. ಉಳಿದ ದಿನಗಳಿಗೆ ಫೋನು. ಫೋನಿನಲ್ಲಿ ಮಗಳು ನನಗೆ ಕೊಡುವುದು ಎರಡೇ ಮಾತು. "ಹ್ಞೂಂ" ಎಂಬುದೊಂದು, "ಅಮ್ಮಂಗ್ ಕೊಡ್ತೆ" ಎಂಬುದು ಇನ್ನೊಂದು. ಅವಳಿಂದ ಮೂರನೆಯ ಮಾತೊಂದು ಕೇಳಬೇಕು ಎಂದು ನಾನು ಆಸೆಪಟ್ಟಷ್ಟು ಯಾವ ಗಿರಾಕಿಯೂ ನಮ್ಮಲ್ಲಿ ಎರಡನೇ ಸಲದ ಸಾಂಬಾರಿಗೆ ಆಸೆಪಟ್ಟಿರಲಿಕ್ಕಿಲ್ಲ.

ಹೀಗಿರುವಾಗ, ದೀಪಾವಳಿಗೆ ವಾರವಿದೆ ಎನ್ನುವಾಗ ಅವಳಾಗಿಯೇ ಕೇಳಿದಳು. "ಅಪ್ಪಯ್ಯ, ಟೀಚರ್ ಹಬ್ಬ ಮುಗ್ಸ್ಕಂಡ್ ಬಪ್ಪತಿಗೆ ಗೂಡುದೀಪ ಮಾಡ್ಕಂಡ್ ಬನ್ನಿ ಅಂದೀರ್. ಅಂಗ್ಡಿಯಿಂದ ತಂದದ್ದ್ ಆಗ್ದ್ ಅಂಬ್ರ್. ನಿಮ್ಗ್ ಮಾಡುಕ್ ಬತ್ತಾ?"

ನನಗೆ ಬರುತ್ತಿರಲಿಲ್ಲ. "ಬತ್ತ್" ಎಂದೆ.

ನಾಲ್ಕು ದಿನದ ಮಟ್ಟಿಗೆ ಹೋಟೆಲನ್ನು ಭಾವನಿಗೆ ಒಪ್ಪಿಸಿ ಊರಿಗೆ ಬಂದೆ. ಜಗಲಿ ಹತ್ತಿದ್ದೇ ತಡ, ಶ್ರಾವ್ಯ ಒಂದು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದು ಮುಂದಿಟ್ಟಳು. ಮರ್ಯಾದೆಯಿಂದ ಎರಡು ಹೆಜ್ಜೆ ಹಿಂದೆ ನಿಂತು, "ಎಷ್ಟ್ ದಿನ ಇರ್ತ್ರಿ?" ಎಂದು ಕೇಳಿದಳು. ಸುಜಾತ ಬಾಗಿಲಲ್ಲಿ ನಿಂತು ನಕ್ಕಳು. ನಾನೂ ನಕ್ಕೆ, ಆದರೆ ಬೆಲ್ಲವನ್ನು ತಟ್ಟೆಗೇ ತಿರುಗಿ ಇಟ್ಟೆ. ನೆಂಟರಿಗೆ ಕೊಡುವ ಬೆಲ್ಲ ಅದು.

ಬಣ್ಣದ ಕಾಗದ ತರಲು ಇಬ್ಬರೂ ಬೈಕಿನಲ್ಲಿ ಕೋಟೇಶ್ವರಕ್ಕೆ ಹೋದೆವು. ಹಿಂದೆ ಕೂತವಳು ನನ್ನ ಸೊಂಟ ಹಿಡಿಯಬಹುದು ಎಂದು ಬೇಕಂತಲೇ ಎರಡು ಹೊಂಡಕ್ಕೆ ಇಳಿಸಿದೆ. ಅವಳು ಸೀಟಿನ ಹಿಂದಿನ ಕಂಬಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಬೈಕಿನ ಮಡ್ಗಾರ್ಡು ಮಾತ್ರ ಸಡಿಲವಾಯಿತು.

ಪಕ್ಕದ ಮನೆಯ ಮಂಜಣ್ಣ ಬಿದಿರು ಕೊಟ್ಟರು. ಅದನ್ನು ಸೀಳಿ, ಕಡ್ಡಿ ಮಾಡಿ, ನೂಲು ಸುತ್ತಿ, ಎಂಟು ಮೂಲೆಯ ಗೂಡು ಕಟ್ಟುವುದು ನನ್ನ ಯೋಜನೆ. ಮಧ್ಯಾಹ್ನದ ಹೊತ್ತಿಗೆ ಏಳು ಮೂಲೆ ಆಯಿತು. ಎಂಟನೆಯದು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. "ಅಪ್ಪಯ್ಯ, ಇದ್ ಓರಿ ನಿಂತಿತ್ತಲೆ" ಎಂದಳು ಶ್ರಾವ್ಯ, ಒಂದು ಬದಿಗೆ ವಾಲಿದ ಗೂಡಿನ ಹಾಗೇ ತಲೆ ವಾಲಿಸಿ. "ಗಾಳಿಗ್ ಹಾಂಗ್ ಮಾಡ್ಕ್ ಮಗಾ" ಎಂದೆ, ಬಹಳ ಅನುಭವಸ್ಥನಂತೆ.

ಇನ್ನು ಅಂಟು. ಒಂದು ಮುಷ್ಟಿ ಮೈದಾವನ್ನು ನೀರಿಗೆ ಕಲಸಿ ಕುದಿಸಿದರೆ ಮುಗಿಯಿತು ಎಂದು ಸುಜಾತ ಹೇಳಿ ಹಿತ್ತಿಲಿಗೆ ಹೋದಳು. ಒಂದು ಮುಷ್ಟಿ ಎಂಬ ಅಳತೆ ನನ್ನ ಕೈಗೆ ಮರೆತುಹೋಗಿ ಹದಿನೈದು ವರ್ಷವಾಗಿದೆ. ಅವಳು ತಿರುಗಿ ಬರುವಾಗ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಐವತ್ತು ಜನರ ಅಂಟು ಕೊತಕೊತ ಕುದಿಯುತ್ತಿತ್ತು. ಶ್ರಾವ್ಯ ಬೆರಳದ್ದಿ ನೆಕ್ಕಿ ನೋಡಿ, "ಅಮ್ಮಾ, ಇದ್ರಗ್ ಉಪ್ಪಿತ್ತ್" ಎಂದಳು.

ಹೌದು, ಹಾಕಿದ್ದೆ. ಕುದಿಯುವ ಪಾತ್ರೆ ಕಂಡರೆ ನನ್ನ ಕೈ ನನ್ನನ್ನು ಕೇಳದೆ ಉಪ್ಪಿನ ಡಬ್ಬಿಗೆ ಹೋಗುತ್ತದೆ.

"ಒಗ್ಗರಣಿ ಹಾಕ್ಲಿಲ್ಲೆ ಅಲ್ದಾ, ಅದೇ ಪುಣ್ಯ" ಎಂದಳು ಸುಜಾತ.

ಆಗ ಮಗಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ನನ್ನ ಮೊಣಕೈಗೆ ಒರಗಿ ನಕ್ಕಳು. ಇಷ್ಟಕ್ಕೇ ನಗುತ್ತಾಳೆಂದು ಗೊತ್ತಿದ್ದರೆ ನಾನು ಮೆಣಸಿನಪುಡಿಯನ್ನೂ ಹಾಕುತ್ತಿದ್ದೆ. ಸಂಜೆಯವರೆಗೆ ಇಬ್ಬರೂ ಕೂತು ಕೆಂಪು, ಹಳದಿ, ಹಸಿರು ಕಾಗದ ಅಂಟಿಸಿದೆವು. ಕೆಳಗೆ ಇಳಿಬಿಡುವ ಕಾಗದದ ಬಾಲ ಕತ್ತರಿಸಿದ್ದು ಪೂರ್ತಿ ಅವಳೇ. ಅಂಥ ಒಂದು ಸಂಜೆಗಾಗಿ ನಾನು ಪುಣೆಯಲ್ಲಿ ಎಷ್ಟು ದಿನ ಕಾದಿದ್ದೆನೋ ಏನೋ.

ಆದರೆ ಉಪ್ಪು ಬಿದ್ದ ಅಂಟು ನಮ್ಮ ಕಡಲ ಗಾಳಿಗೆ ಒಣಗುವುದುಂಟೇ? ಮರುದಿನ ಬೆಳಿಗ್ಗೆಯೂ ಗೂಡುದೀಪ ಬೆವರುತ್ತಿತ್ತು. ಬಿಸಿಲಿಗೆಂದು ಅಂಗಳದ ಕಲ್ಲಿನ ಮೇಲೆ ಇಟ್ಟೆ. ಅಂದು ಗೋಪೂಜೆ. ಶ್ರಾವ್ಯ ಬೆಳ್ಳಿಯನ್ನು ಮೀಯಿಸಿ, ಲೋಟವನ್ನು ಜೇಡಿಮಣ್ಣಿನ ನೀರಿಗೆ ಅದ್ದಿ ಮೈಮೇಲೆಲ್ಲ ಬಿಳಿ ಚಕ್ರ ಒತ್ತಿ, ಹೂವಿನ ಮಾಲೆ ಹಾಕಿ ಅಂಗಳಕ್ಕೆ ಬಿಟ್ಟಿದ್ದಳು. ಒಳಗೆ ಕಡುಬು ಬೇಯುತ್ತಿತ್ತು. ಬೆಳ್ಳಿಗೆ ಕಡುಬಿನವರೆಗೆ ಕಾಯುವ ವ್ಯವಧಾನವಿರಲಿಲ್ಲ. ಎದುರಿಗೇ ಉಪ್ಪುಪ್ಪಾದ ಮೈದಾಹಿಟ್ಟು, ಮೂರು ಬಣ್ಣದಲ್ಲಿ, ನೀಟಾಗಿ ಬಡಿಸಿಟ್ಟ ಹಾಗೆ ಇತ್ತು. ಅಡುಗೆಯಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ತಟ್ಟೆಯನ್ನು ಅಷ್ಟು ಶ್ರದ್ಧೆಯಿಂದ ನೆಕ್ಕಿದ ಗಿರಾಕಿಯನ್ನು ಕಂಡಿಲ್ಲ.

ನಾನು ಹೊರಗೆ ಬರುವಾಗ ಕಾಗದದ ಬಾಲದ ಕೊನೆಯ ತುಂಡು ಬೆಳ್ಳಿಯ ಬಾಯೊಳಗೆ ಹೋಗುತ್ತಿತ್ತು. ಬಿದಿರಿನ ಗೂಡು ಒಂದು ಕೊಂಬಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಬಯ್ಯಬೇಕೆಂದರೆ ಅಂದು ಅದಕ್ಕೇ ಪೂಜೆ. ಕೈಯೆತ್ತುವ ಹಾಗಿಲ್ಲ, ಕೈ ಮುಗಿಯಬೇಕು. ಕೈ ಮುಗಿದುಕೊಂಡೇ ಹತ್ತಿರ ಹೋಗಿ ಗೂಡಿಗೆ ಕೈ ಹಾಕಿದೆ.

ಬೆಳ್ಳಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. ಇವನಾರು, ನಮ್ಮ ಅಂಗಳದಲ್ಲಿ ಇವನಿಗೇನು ಕೆಲಸ ಎಂದು ಅದಕ್ಕೆ ಸಂಶಯ ಬಂದಿರಬೇಕು. ತಲೆ ತಗ್ಗಿಸಿ ನುಗ್ಗಿತು. ನಾನು ಲುಂಗಿ ಎತ್ತಿಕೊಂಡು ಅಂಗಳಕ್ಕೆ ಒಂದು ಸುತ್ತು ಓಡಿ ಕಾಂಪೌಂಡ್ ಗೋಡೆ ಹತ್ತಿದೆ.

ಗೋಡೆಯ ಆಚೆ ಮಂಜಣ್ಣ ಹಲ್ಲುಜ್ಜುತ್ತಿದ್ದರು. "ಹ್ವಾಯ್, ಗೋಡಿ ಮೇಲ್ ಎಂತ ಮಾಡ್ತ್ರಿ?" ಎಂದರು.

"ಸುಮ್ನೆ ಕೂಕಂಡೆ" ಎಂದೆ.

"ಈ ಸಲ ದನಕ್ಕ್ ಅಲಂಕಾರ ಜೋರಿತ್ತ್, ಕೊಂಬಿಗ್ ಗೂಡುದೀಪ ಕಟ್ಟಿದ್ ಯಾರ್? ಪುಣೆ ಕ್ರಮವಾ?" ಎಂದು ಅವರು ಬಹಳ ಮೆಚ್ಚಿ ನೋಡಿದರು.

ಅಷ್ಟರಲ್ಲಿ ಶ್ರಾವ್ಯ ಹೊರಗೆ ಬಂದಳು. ಗೂಡುದೀಪ ಇಲ್ಲದ ಕಲ್ಲನ್ನು ನೋಡಿದಳು, ದನವನ್ನು ನೋಡಿದಳು, ಗೋಡೆ ಮೇಲಿನ ನನ್ನನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಸೀದಾ ಹೋಗಿ ಬೆಳ್ಳಿಯ ಕೊರಳು ತುರಿಸುತ್ತಾ ಕಿವಿಯಲ್ಲಿ ಹೇಳಿದಳು. "ಹೆದರ್ಕಂಬೇಡ ಮಾರಾಯ್ತಿ. ಅವ್ರ್ ನಮ್ ಮನಿಯರೇ."

ಆ ಮಾತು ನನಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಗೋಡೆಯಿಂದ ಇಳಿಯಲು ಮಂಜಣ್ಣನ ಏಣಿ ಬೇಕಾಯಿತು.

ಹೊಸದು ಮಾಡುವಷ್ಟು ಕಾಗದ ಉಳಿದಿರಲಿಲ್ಲ, ಹಬ್ಬಕ್ಕೆ ಅಂಗಡಿ ಬಾಗಿಲು ಹಾಕಿತ್ತು. ನನಗೆ ಉಳಿದದ್ದು ಒಂದೇ ದಿನ. ಬಸ್ಸು ಹತ್ತುವಾಗ "ಮುಂದಿನ್ ವರ್ಷ ಚಂದ ಮಾಡ್ವ" ಎಂದೆ. "ಹ್ಞೂಂ" ಎಂದಳು. ಹಳೆಯ ಹ್ಞೂಂ. ಕುಂದಾಪುರ ದಾಟುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಅವಳು ಆ ಬರೇ ಬಿದಿರಿನ ಗೂಡನ್ನೇ ಶಾಲೆಗೆ ಒಯ್ದಳಂತೆ. ನಡೆದದ್ದನ್ನೆಲ್ಲ ಕ್ಲಾಸಿನ ಎದುರು ಹೇಳಿದಳಂತೆ. ಅಪ್ಪಯ್ಯ ಗೋಡೆ ಹತ್ತಿದ್ದನ್ನು ಮಕ್ಕಳು ಎರಡೆರಡು ಸಲ ಹೇಳಿಸಿಕೊಂಡರಂತೆ. ಇಷ್ಟನ್ನೂ ನನಗೆ ಫೋನು ಮಾಡಿ ಹೇಳಿದವಳು ಅವಳೇ. ಕೊನೆಗೆ, "ಅಪ್ಪಯ್ಯ, ನಿಮ್ ಸ್ವರ ದಿನಾ ಕೇಂಡ್ರೆ ಬೆಳ್ಳಿಗ್ ಗುರ್ತ ಆತ್ತ್. ನೀವ್ ಅದ್ರ ಹತ್ರ ಮಾತಾಡಿ" ಎಂದು ಫೋನನ್ನು ದನದ ಕಿವಿಗೆ ಹಿಡಿದಳು.

ಅಂದಿನಿಂದ ದಿನಾ ಸಂಜೆ, ಗಿರಾಕಿಗಳು ತುಂಬುವ ಮೊದಲು, ನಲವತ್ತಮೂರು ವರ್ಷದ ಹೋಟೆಲ್ ಮಾಲೀಕನೊಬ್ಬ ಅಡುಗೆಮನೆಯ ಮೂಲೆಯಲ್ಲಿ ನಿಂತು ದನದೊಂದಿಗೆ ಮಾತಾಡುತ್ತಾನೆ. ಕೆಲಸದವರು ಕಂಡೂ ಕಾಣದವರಂತೆ ಪಾತ್ರೆ ತೊಳೆಯುತ್ತಾರೆ. ಮಗಳಿಗೆ ಹೇಳಲಾಗದೆ ಬಾಕಿ ಉಳಿದದ್ದನ್ನೆಲ್ಲ ನಾನು ದನಕ್ಕೆ ಹೇಳುತ್ತೇನೆ. ನಿಮ್ಮನ್ನೆಲ್ಲ ಕಾಣದೆ ಬೇಜಾರಾಗಿದೆ ಎನ್ನುತ್ತೇನೆ. ಅದು ಮೆಲುಕು ಹಾಕುತ್ತದೆ.

ನಿನ್ನೆ, "ಬೆಳ್ಳೀ, ಮುಂದಿನ್ ತಿಂಗ್ಳೇ ಬತ್ತೆ, ಆಯ್ತಾ?" ಎಂದೆ.

ಆ ಕಡೆ ಮೆಲುಕಿನ ಸದ್ದು ದೂರವಾಯಿತು. ಮಗಳ ಸ್ವರ ಬಂತು.

"ದನಕ್ಕೆಲ್ಲ ಸುಳ್ ಹೇಳ್ಬೇಡಿ ಅಪ್ಪಯ್ಯ. ಅದ್ ಕಾಯ್ತ್."