ಬ್ಯಾಡಗಿಯಲ್ಲಿ ಕೆಮ್ಮಿದ್ದು

ನಾನು ರಾಣೇಬೆನ್ನೂರಿನಲ್ಲಿ ದರ್ಜಿ. ಮೊಹರಮ್ಮಿಗೆ ಕರ್ಬಲಾ ಕಾಳಗದ ಕಥೆ ಹೇಳುವ ರಿವಾಯತ್ ಪದ ಹಾಡುತ್ತೇನೆ, ಕನ್ನಡದಲ್ಲೇ. ನನ್ನ ಗಂಟಲಿನಿಂದ ಹೊರಬಿದ್ದದ್ದು ಒಂದಲ್ಲ ಒಂದು ದಿನ ನನಗೇ ತಿರುಗುಬಾಣವಾಗುವುದು ಮೊದಲಿನಿಂದ ನಡೆದೇ ಇದೆ. ಈ ವರ್ಷ ಮಾತ್ರ ಅತಿಯಾಯಿತು.

೧. ಕ್ಯಾಸೆಟ್ಟು

ಹರೆಯದಲ್ಲಿ ಒಂದೇ ಒಂದು ಕ್ಯಾಸೆಟ್ಟು ಮಾಡಿದ್ದೆ. ಯುದ್ಧಕ್ಕೆ ಹೋದ ಮಗನ ದಾರಿ ಕಾಯುವ ತಾಯಿಯ ಪದ. ರೆಕಾರ್ಡಿಂಗು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಕೋಣೆಯಲ್ಲಿ. ತಾಯಿ ಅಳುವ ಜಾಗಕ್ಕೆ ಬರುವಷ್ಟರಲ್ಲಿ ಹೊರಗೆ ಹಮಾಲರು ಚೀಲ ಸುರುವಿದರು. ಘಾಟು ಒಳನುಗ್ಗಿತು. ನಾನು ಕೆಮ್ಮಿದೆ.

"ಇನ್ನೊಮ್ಮೆ ಹಾಡ್ತೇನ್ರಿ," ಎಂದೆ.

"ಬ್ಯಾಡ್ರಿ," ಎಂದು ರೆಕಾರ್ಡಿಂಗಿನವನು ಕಣ್ಣೊರೆಸಿಕೊಂಡ. "ತಾಯಿಗೆ ದುಃಖ ಒತ್ತರಿಸೇತಿ ಅಂತ ಮಂದಿ ತಿಳ್ಕೋತಾರ."

ಯಾರೂ ಹಾಗೆ ತಿಳಿಯಲಿಲ್ಲ. ನನಗೆ ಹೆಣ್ಣು ಕೊಡಲು ಬಂದವರು ಕ್ಯಾಸೆಟ್ಟು ಕೇಳಿ, ಹುಡುಗನಿಗೆ ದಮ್ಮಿನ ಕಾಯಿಲೆ ಇದೆ ಎಂದು ವಾಪಸ್ಸು ಹೋದರು.

೨. ಕ್ಷೌರದಂಗಡಿ

ಈಚೆಗೆ ಕ್ಷೌರಕ್ಕೆ ಕೂತಿದ್ದೆ. ಅಂಗಡಿಯವನ ಫೋನಿನಲ್ಲಿ ಒಂದು ರ‍್ಯಾಪ್ ಹಾಡು. ಯಾವನೋ ತನ್ನ ಮೋಟರ್‌ಸೈಕಲ್ಲನ್ನು ಹೊಗಳಿಕೊಳ್ಳುತ್ತಿದ್ದ. ಪ್ರತಿ ಸಾಲಿನ ಕೊನೆಗೆ ತಾಳಕ್ಕೆ ಸರಿಯಾಗಿ ಒಂದು ಕೆಮ್ಮು.

"ಇದು ನನ್ನ ಕೆಮ್ಮು!" ಎಂದು ಅರ್ಧ ಗಡ್ಡದಲ್ಲೇ ಎದ್ದು ನಿಂತೆ.

ಪಕ್ಕದ ಗಿರಾಕಿ ಕುರ್ಚಿ ದೂರ ಸರಿಸಿದ. "ಹಂಗಾರ ಬಾಯಿಗೆ ಅರಿವಿ ಹಿಡ್ಕೋರಿ," ಎಂದ.

೩. ಹೆಸರು

ಹಾಡಿದವನು ಹಾವೇರಿಯವನೆಂದು ತಿಳಿದು ಜಗಳಕ್ಕೇ ಬಸ್ಸು ಹತ್ತಿದೆ. ಅವನೋ ಕುರ್ಚಿ ಹಾಕಿದ, ಚಹಾ ತರಿಸಿದ.

"ಚಾಚಾ, ಇದಕ್ಕ ಸ್ಯಾಂಪಲ್ ಅಂತಾರ. ಹಳೇ ಹಾಡಿನ್ಯಾಗಿಂದ ತುಣುಕು ಕತ್ತರಿಸಿ ಹೊಸದಕ್ಕ ಜೋಡಿಸೂದು."

ಕತ್ತರಿಸುವುದನ್ನು ದರ್ಜಿಗೆ ಹೇಳಿಕೊಡುತ್ತಾನೆ! "ಅರಿವಿ ಬಿಟ್ಟು ಹರಕು ಒಯ್ದೀಯಲ್ಲೋ," ಎಂದೆ. "ನನ್ನ ದನಿ ಯಾಕ ಬ್ಯಾಡಾತು?"

"ದನಿ ಎಲ್ಲಾ ಕಡೆ ಸಿಗತೈತಿ ಚಾಚಾ. ಇಂಥಾ ಕೆಮ್ಮು ಹುಡುಕಿದ್ರೂ ಸಿಗಂಗಿಲ್ಲ."

ಹಾಡಿನ ಕೆಳಗೆ ನನ್ನ ಹೆಸರು ಹಾಕೆಂದು ಹಟ ಹಿಡಿದೆ. ಅಲ್ಲೇ ಫೋನಿನಲ್ಲಿ ಹಾಕಿ ತೋರಿಸಿದ. ಕನ್ನಡಕ ಏರಿಸಿ ಓದಿದೆ. ಗಾಯನದ ಮುಂದೆ ಅವನ ಹೆಸರು, ಕೆಮ್ಮಿನ ಮುಂದೆ ನನ್ನದು.

೪. ವೇದಿಕೆ

ಹಾವೇರಿಯಲ್ಲಿ ಅವನ ಕಾರ್ಯಕ್ರಮ. ನನ್ನನ್ನೂ ಕರೆದ. "ಪೂರಾ ಪದ ಹಾಡ್ತೇನಿ. ಕೆಮ್ಮಂಗಿಲ್ಲ," ಎಂದು ಷರತ್ತು ಹಾಕಿದೆ. ಒಪ್ಪಿದ. ಆ ತಾಯಿಯ ಪದವನ್ನು ಒಮ್ಮೆಯಾದರೂ ಜನ ಕೊನೆತನಕ ಕೇಳಲಿ, ನನಗೆ ಬೇಕಿದ್ದದ್ದು ಅಷ್ಟೇ. ಉಪ್ಪಿನಕಾಯಿ ಬಿಟ್ಟೆ, ತಣ್ಣೀರು ಬಿಟ್ಟೆ, ಹೊಸ ಜುಬ್ಬಾ ಹೊಲಿದುಕೊಂಡೆ.

ಹಾಡಿದೆ. ಹರೆಯದಲ್ಲೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ತಾಯಿ ಅಳುವ ಜಾಗ ಸಲೀಸಾಗಿ ದಾಟಿತು. ಪದ ಮುಗಿಯಿತು. ಒಂದು ಚಪ್ಪಾಳೆಯಿಲ್ಲ. ಮುಂದಿನ ಸಾಲಿನಲ್ಲಿದ್ದವನೊಬ್ಬ ಪಕ್ಕದವನಿಗೆ, "ಕೆಮ್ಮಿನವರು ಇವರಲ್ಲಲೇ. ಯಾರನ್ನೋ ಕರಕೊಂಡು ಬಂದಾರ," ಅಂದದ್ದು ಕೇಳಿಸಿತು.

ಅಳು ನುಂಗಲು ಹೋದೆ, ಕೆಮ್ಮು ಬಂತು.

ಸಭೆಯೆಲ್ಲ ಎದ್ದು ನಿಂತಿತು. ಸಿಳ್ಳೆ, ಕೇಕೆ. "ಖರೇನ ಇವರಲೇ!" ಎಂದು ಮುಂದಿನ ಸಾಲಿನ ಅವನೇ ಎಲ್ಲರಿಗಿಂತ ಜೋರಾಗಿ ಕೂಗಿದ.

ಮನೆಗೆ ಬಂದರೂ ಕೆಮ್ಮು ನಿಂತಿರಲಿಲ್ಲ. ಹೆಂಡತಿ ಶುಂಠಿ ಕಷಾಯ ಕಾಸಿ ಮುಂದಿಟ್ಟಳು. ಲೋಟ ಅತ್ತ ಸರಿಸಿದೆ.

"ಚೆಲ್ಲು ಅದನ್ನ. ಮುಂದಿನ ವಾರ ಬ್ಯಾಡಗ್ಯಾಗ ಕಾರ್ಯಕ್ರಮ ಐತಿ."