ಅಲೆ ಹತ್ತಿದ ಕಂಡಕ್ಟರು

ತಮ್ಮ ಎರಡು ಕಾಲುಗಳಿಗೆ ಈ ಲೋಕ ತಕ್ಕ ಮರ್ಯಾದೆ ಕೊಟ್ಟಿಲ್ಲ ಎಂಬುದು ಕಂಡಕ್ಟರ ಬಹುದಿನದ ಕೊರಗು. ಇಪ್ಪತ್ತೆಂಟು ವರ್ಷ ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತವರು ಅವರು. ತಿರುವಿನಲ್ಲಿ ಜನರೆಲ್ಲ ಒಬ್ಬರ ಮೇಲೊಬ್ಬರು ಬೀಳುವಾಗ ಅವರು ನಿಶ್ಚಿಂತೆಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಹೆಂಡತಿ ಮಾತ್ರ ಅದನ್ನೊಂದು ವಿದ್ಯೆಯೆಂದು ಒಪ್ಪಿರಲಿಲ್ಲ.

ಹೀಗಿರುವಾಗ ಇಬ್ಬರೂ ನಾಲ್ಕು ದಿನ ಸಮುದ್ರ ನೋಡಲು ಹೋದರು. ದಂಡೆಯಲ್ಲಿ ಹುಡುಗಿಯೊಬ್ಬಳು ಉದ್ದನೆಯ ಹಲಗೆಗಳನ್ನಿಟ್ಟುಕೊಂಡು, ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಕಲಿಸುತ್ತಿದ್ದಳು.

“ನಾನೂ ಕಲೀತೀನಿ” ಎಂದರು ಕಂಡಕ್ಟರು.

“ರೀ, ಸ್ಟೂಲ್ ಹತ್ತಿ ಫ್ಯಾನ್ ಒರೆಸಿ ಅಂದ್ರೆ ತಲೆ ಸುತ್ತುತ್ತೆ ಅಂತೀರಿ!”

“ಫ್ಯಾನ್ ಗುಂಡಗೆ ತಿರುಗುತ್ತೆ ಕಣೇ. ಅಲೆ ನೇರ ಬರುತ್ತೆ. ಅದೂ ಒಂದು ಬಸ್ಸೇ, ಬ್ರೇಕ್ ಇಲ್ಲ ಅಷ್ಟೆ.”

ಹೆಂಡತಿ ಹಣೆ ಚಚ್ಚಿಕೊಂಡರು. ಕಂಡಕ್ಟರು ಆಗಲೇ ತಮ್ಮ ಬಸ್ಸಿನ ಡ್ರೈವರಿಗೆ ಫೋನ್ ಹಚ್ಚಿ ಸುದ್ದಿ ಮುಟ್ಟಿಸಿದ್ದರು. “ವಿಡಿಯೊ ತೋರಿಸಿದ್ರೆ ನಂಬ್ತೀನಿ” ಎಂದು ಆತ ಫೋನಿಟ್ಟಿದ್ದ. ಇನ್ನು ಹಿಂದೆ ಸರಿದರೆ ಮಾನ ಹೋದಂತೆ!

ಮೊದಲ ಪಾಠ ಒಣ ಮರಳಿನ ಮೇಲೆ. ಬೋರಲು ಮಲಗಬೇಕು, ಅಂಗೈ ಊರಬೇಕು, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಕಂಡಕ್ಟರು ಮಲಗುವುದರಲ್ಲಿ ಅಪಾರ ಪ್ರತಿಭೆ ತೋರಿದರು. ಏಳುವಾಗ ಮಂಡಿಗಳು ಲಟಲಟ ಎಂದವು. (ಹಲಗೆ ಮುರಿಯಿತೇನೋ ಎಂದು ಹುಡುಗಿ ಬಗ್ಗಿ ನೋಡಿದಳಂತೆ.)

ನೀರಿಗಿಳಿದ ಮೇಲೆ ಹೇಳುವುದೇ ಬೇಡ. ಹಲಗೆಯನ್ನು ಹಗ್ಗದಿಂದ ಕಾಲಿಗೆ ಕಟ್ಟಿದ್ದರಿಂದ ಅದು ಹೋದಲ್ಲಿಗೆಲ್ಲ ಕಂಡಕ್ಟರೂ ಹೋಗಬೇಕಾಯಿತು, ಹೆಚ್ಚಾಗಿ ತಲೆಕೆಳಗಾಗಿ. ಎರಡು ದಿನದಲ್ಲಿ ಅವರು ಕುಡಿದ ಉಪ್ಪುನೀರಿಗೆ ಸಮುದ್ರ ಒಂದಂಗುಲವಾದರೂ ಇಳಿದಿರಬೇಕು.

“ಸಾಕು ಬನ್ರೀ!” ವಿಡಿಯೊಗೆಂದು ಫೋನ್ ಹಿಡಿದು ದಂಡೆಯಲ್ಲಿ ನಿಂತ ಹೆಂಡತಿ ಕೂಗುತ್ತಿದ್ದರು.

“ಇನ್ನೊಂದೇ ಒಂದು!” ಬಾಯಿಂದ ನೀರು ಉಗುಳುತ್ತ ಇವರು ನಗುತ್ತಿದ್ದರು. ಬೀಳುವುದರಲ್ಲೂ ಇಷ್ಟು ಸುಖವಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಒಂದು ಸಾಧು ಅಲೆ ಬಂತು. “ಅಂಕಲ್, ಈಗ!” ಎಂದು ಹುಡುಗಿ ಹಲಗೆಯನ್ನು ತಳ್ಳಿದಳು. ಕಂಡಕ್ಟರು ನೆಗೆದರು. ನಿಂತರು! ಕಾಲಡಿಯಲ್ಲಿ ನೀರು ಗುಡುಗುಡು ಎನ್ನುತ್ತಿತ್ತು. ದಂಡೆ ತಾನಾಗಿಯೇ ಎದುರುಗೊಳ್ಳಲು ಓಡಿಬರುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಐದು ಕ್ಷಣ. ಅಷ್ಟರಲ್ಲಿ ಹಾಳು ಅಭ್ಯಾಸ ಅಡ್ಡಬಂತು. ಎಲ್ಲರೂ ಹತ್ತಿದರೋ ಇಲ್ಲವೋ ಎಂದು ಹಿಂದೆ ತಿರುಗಿ, “ರೈಟ್ ರೈಟ್!” ಎಂದು ಕೂಗಿ, ಧೊಪ್ಪನೆ ಬಿದ್ದರು.

“ನಿಂತ್ರಲ್ರೀ! ನಿಂತೇಬಿಟ್ರಲ್ರೀ!” ಹೆಂಡತಿ ಹಿಗ್ಗಿನಿಂದ ನೀರಿಗೇ ಓಡಿಬಂದರು. ಮುಂದಿನ ಅಲೆ ಆಕೆಯನ್ನೂ ಉರುಳಿಸಿತು. ಸೊಂಟಮಟ್ಟದ ನೀರಿನಲ್ಲಿ ಗಂಡಹೆಂಡಿರು ಒಬ್ಬರ ರಟ್ಟೆ ಒಬ್ಬರು ಹಿಡಿದು, ಏಳಲಾಗದೆ ಬಿದ್ದು ಬಿದ್ದು ನಕ್ಕರು.

“ವಿಡಿಯೊ ಬಂತಾ?”

ಹೆಂಡತಿ ಕೈ ಎತ್ತಿ ನೋಡಿದರು. ಫೋನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಮತ್ತೆ ಉಸಿರೆತ್ತಲಿಲ್ಲ.

ಊರಿಗೆ ಬಂದ ಮೇಲೆ ಸಾಕ್ಷಿಯಿಲ್ಲದ ಕಂಡಕ್ಟರಿಗೆ ಡ್ರೈವರು ಬರೀ ನಕ್ಕ. ಮನೆಯಲ್ಲಾದರೂ ಬಾಯಿ ಬಿಡೋಣವೆಂದರೆ, ಅವರಿರುವ ಕಟ್ಟಡದ ಹೆಂಗಸರಿಗೆ ಹೆಂಡತಿ ಆಗಲೇ ಕಥೆ ಶುರುಮಾಡಿದ್ದರು. “ಇವರು ನೀರಿಗೆ ಬಿದ್ರು. ನಾನು ಹಿಂದೆಮುಂದೆ ನೋಡ್ಲಿಲ್ಲ, ನುಗ್ಗಿ ರಟ್ಟೆ ಹಿಡಿದೆ!” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಥೆ ಮೆಟ್ಟಿಲು ಹತ್ತಿದಂತೆ ನೀರೂ ಏರಿತು: ಎರಡನೇ ಮಹಡಿಯಲ್ಲಿ ಎದೆಮಟ್ಟ, ಮೂರನೆಯದರಲ್ಲಿ ಕುತ್ತಿಗೆಮಟ್ಟ, ನಾಲ್ಕನೆಯದರಲ್ಲಿ ಎರಡಾಳುದ್ದ. ಕಂಡಕ್ಟರ ಐದು ಕ್ಷಣಗಳು ನಡುವೆ ಯಾವ ಮಹಡಿಯಲ್ಲಿ ಇಳಿದುಹೋದವೋ ಯಾರಿಗೂ ತಿಳಿಯಲಿಲ್ಲ.

ಭಾನುವಾರ ಬಾಗಿಲಲ್ಲಿ ಆರು ಜನ ಹೆಂಗಸರು. “ಅಕ್ಕ, ಮುಳುಗೋರನ್ನ ಎಳೆಯೋದು ಹೇಗೆ ಅಂತ ನಮಗೂ ಹೇಳಿಕೊಡಿ.”

ಕಂಡಕ್ಟರು ಪೇಪರಿನ ಹಿಂದೆ ಖುಷಿಪಟ್ಟರು. ಈಜು ಬಾರದ ಗುರುಗಳು ಈಗ ಸಿಕ್ಕಿಬಿದ್ದರಲ್ಲ!

ಹೆಂಡತಿ ಸೆರಗು ಸಿಕ್ಕಿಸಿ, ನಡುಮನೆಯಲ್ಲಿ ಚಾಪೆ ಬಿಡಿಸಿದರು.

“ರೀ, ಇಲ್ಲಿ ಬಂದು ಸ್ವಲ್ಪ ಮುಳುಗಿ.”

ಆರು ಜೊತೆ ಕಣ್ಣುಗಳು ಅವರತ್ತ ತಿರುಗಿದವು. ಕಂಡಕ್ಟರು ಪೇಪರು ಮಡಚಿ, ಕನ್ನಡಕ ತೆಗೆದಿಟ್ಟು, ಚಾಪೆಯ ಮೇಲೆ ಬೋರಲು ಮಲಗಿ ಮುಳುಗಿದರು.

“ಇನ್ನೂ ಜೋರಾಗಿ ಕೈಕಾಲು ಆಡಿಸ್ರೀ” ಎಂದರು ಹೆಂಡತಿ, “ಅಲ್ಲಿ ಎಷ್ಟು ಚೆನ್ನಾಗಿ ಮುಳುಗ್ತಿದ್ರಿ!”