ಎಂಟು ಗಾಲಿಯ ಚಕ್ರವರ್ತಿ

ಒಂದು ಕಾರಿಗೆ ಎಷ್ಟು ಗಾಲಿ ಬೇಕು? ನಾಲ್ಕು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಈ ವಿಷಯ ನನ್ನ ಗಂಡ ಓಂಕಾರ ಅವರಿಗೆ ಮಾತ್ರ ಗೊತ್ತಿಲ್ಲ. ಅವರ ಕಾರಿಗೆ ಎಂಟು ಗಾಲಿ. ನಾಲ್ಕು ಬೇಸಿಗೆಗೆ, ನಾಲ್ಕು ಚಳಿಗಾಲಕ್ಕೆ. (ಚಳಿಗಾಲಕ್ಕೊಂದು ಒಳ್ಳೆಯ ಕೋಟು ಕೊಡಿಸಿ ಎಂದು ನಾನು ಕೇಳುತ್ತಲೇ ಇದ್ದೇನೆ. ಅದು ಬೇರೆ ಮಾತು.) ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕಾರಾದರೂ ಎಂಥದ್ದು? ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂತಿರುವ ಸ್ಪೋರ್ಟ್ಸ್ ಕಾರು. ಒಳಗೆ ಹೋಗುವುದೆಂದರೆ ಬಿದ್ದಂತೆ, ಹೊರಗೆ ಬರುವುದೆಂದರೆ ಬಾವಿಯಿಂದ ಎದ್ದಂತೆ. ಬಾಗಲಕೋಟೆಯಿಂದ ಈ ಪರದೇಶಕ್ಕೆ ಬಂದು ನಮ್ಮ ಜೊತೆಗಿರುವ ಅತ್ತೆ ರತ್ನವ್ವ ಒಮ್ಮೆ ಅದರಲ್ಲಿ ಕುಳಿತು, “ಇದು ಕಾರಲ್ಲೋ ತಮ್ಮಾ, ತೊಟ್ಟಿಲ” ಎಂದಿದ್ದರು. ಮಗನ ಮೇಲಿನ ಪ್ರೀತಿಗೆ ಅಷ್ಟಕ್ಕೇ ನಿಲ್ಲಿಸಿದರು.

ಆ ಗಾಲಿಗಳನ್ನು ಆರಿಸಲು ಈ ಮಹಾನುಭಾವರು ಪಟ್ಟ ಪಾಡು ಕೇಳಬೇಡಿ. ನನ್ನನ್ನು ಆರಿಸುವಾಗ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಒಪ್ಪಿಕೊಂಡವರು, ಗಾಲಿಗಾಗಿ ತಿಂಗಳುಗಟ್ಟಲೆ ಕಂಪ್ಯೂಟರಿನ ಮುಂದೆ ಕುಳಿತರು. ಅಗಲ ಎಷ್ಟಿರಬೇಕು, ಕಡ್ಡಿ ಐದೋ ಹತ್ತೋ, ಕಪ್ಪು ಬಣ್ಣವೋ ಬಂಗಾರದ ಬಣ್ಣವೋ! ಕೊನೆಗೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಸೆಟ್ಟು ಮನೆಗೆ ಬಂತು.

“ರೀ, ನಾವಿರೋ ಈ ಫ್ಲ್ಯಾಟ್ ಬುಷ್‌ನಾಗ ಹಿಮ ಯಾವಾಗ ಬಿದ್ದೈತ್ರಿ?” ಎಂದೆ.

“ಹಿಮದ ಮಾತಲ್ಲ ರುದ್ರಾಣಿ, ಏಳು ಡಿಗ್ರಿ ಮಾತು. ಏಳರ ಕೆಳಗ ಇಳೀತಂದ್ರ ಬ್ಯಾಸಿಗಿ ಟೈರಿನ ರಬ್ಬರ್ ಕಲ್ಲಾಗತೈತಿ.”

“ನಿಮ್ಮ ಜೋಡಿ ಬಾಳೇ ಮಾಡಿ ನನ್ನ ಎದಿ ಎಂದೋ ಕಲ್ಲಾಗೇತಿ. ಅದಕ್ಕ ಯಾವ ಟೈರ್ ಹಾಕ್ತೀರಿ?”

ನನ್ನ ಸಿಟ್ಟಿನ ನಿಜವಾದ ಕಾರಣ ಮಾತ್ರ ಗಾಲಿಯಲ್ಲ, ಗಾಲಿ ಕುಳಿತ ಜಾಗ. ಇಲ್ಲಿಯ ಮನೆಗಳಲ್ಲಿ ಒಗ್ಗರಣೆ ಚಟಪಟ ಎಂದರೆ ಸಾಕು, ಚಾವಣಿಗೆ ಅಂಟಿಸಿದ ಹೊಗೆಯ ಅಲಾರಂ ಕೊಲೆಯಾದಂತೆ ಕಿರುಚುತ್ತದೆ. ಅದಕ್ಕೇ ಗ್ಯಾರೇಜಿನ ಮೂಲೆಯಲ್ಲಿ ಒಂದು ಗ್ಯಾಸ್ ಒಲೆ ಇಟ್ಟುಕೊಂಡು, ಬಾಗಿಲು ಮೇಲೆತ್ತಿ, ರೊಟ್ಟಿ ಬಡಿಯುತ್ತಿದ್ದೆ, ಮೆಣಸಿನಕಾಯಿ ಹುರಿಯುತ್ತಿದ್ದೆ. ಈ ದೇಶದಲ್ಲಿ ನನ್ನದು ಎಂದು ಇದ್ದದ್ದು ಆ ಮೂಲೆಯೊಂದೇ. ಅಲ್ಲಿಂದ ನನ್ನ ಒಲೆಯನ್ನು ಎತ್ತಂಗಡಿ ಮಾಡಿ, ಕಾರಿನಿಂದ ಬಿಚ್ಚಿದ ನಾಲ್ಕು ಗಾಲಿಗಳಿಗೆ ಕಪ್ಪು ಬಟ್ಟೆಯ ಚೀಲ ತೊಡಿಸಿ, ಅತ್ತೆ ಮನೆಗೆ ಬಂದ ಅಳಿಯನಂತೆ ಕೂರಿಸಿದರು.

ಆಗಸ್ಟಿನ ಒಂದು ದಿನ ಒಳಗೇ ರೊಟ್ಟಿ ಸುಡುತ್ತಿದ್ದೆ. ಅಲಾರಂ ಕಿರುಚಿತು. ಮಗಳು ವಚನಾ ಕುರ್ಚಿ ಹತ್ತಿ ಟವೆಲ್ ಬೀಸಿದಳು. ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ ಓಡಿ ಬಂದು, “ಆರ್ ಯು ಆಲ್ರೈಟ್, ಲವ್?” ಎಂದಳು. ನಾನು ಆಲ್ರೈಟ್ ಇರಲಿಲ್ಲ. ನೆತ್ತಿಗೇರಿದ ಪಿತ್ತ ಇಳಿಯಲೇ ಇಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಓಡುವ ಗಾಲಿಗಳು ಕಾರಿನಲ್ಲಿವೆ. ಇಲ್ಲಿ ಹಿಮ ಬೀಳುವುದಿಲ್ಲ. ಅಂದಮೇಲೆ ಕೆಲಸವಿಲ್ಲದೆ ಮೂಲೆಯಲ್ಲಿ ಕುಳಿತಿರುವವೇ ಚಳಿಗಾಲದ ದಂಡಪಿಂಡಗಳು! ನಮ್ಮ ಬೀದಿಯಲ್ಲಿ ಬೇಡವಾದದ್ದನ್ನು ಮನೆ ಮುಂದಿನ ಹುಲ್ಲಿನ ಮೇಲೆ ‘ಫ್ರೀ’ ಎಂದು ಬರೆದಿಟ್ಟರೆ ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಗಂಡ ಆಫೀಸಿನಲ್ಲಿದ್ದಾಗಲೇ ಚೀಲಗಳನ್ನು ಬಿಚ್ಚಿದೆ. (ಚೀಲ ಮಾತ್ರ ಕೊಡಲಿಲ್ಲ. ಗಟ್ಟಿ ಚೀಲ, ಕಾಳು-ಕಡಿ ಇಡಲು ಬರುತ್ತವೆ.)

“ಮಮ್ಮೀ, ಆರ್ ಯು ಶೂರ್? ದೀಸ್ ಆರ್ ದ ಗೋಲ್ಡ್ ಒನ್ಸ್” ಎಂದಳು ವಚನಾ.

“ಬಂಗಾರದ್ದರ ಇರಲಿ, ಬೆಳ್ಳಿದ್ದರ ಇರಲಿ. ಹಿಡಿ ಆ ಕಡಿ, ನಡಿ!”

ಚಹಾ ಕುದಿಯುವಷ್ಟರಲ್ಲಿ ನಾಲ್ಕೂ ಮಾಯ. ಗಂಡ ಬಂದು ಕೇಳಲಿ ಎಂದು ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ನಿಂತೆ. ಅವರು ಬಂದವರೇ ಕಾರಿನ ಕಪ್ಪು ಗಾಲಿಯ ಬೆನ್ನು ತಟ್ಟಿದರು.

“ನೋಡ ರುದ್ರಾಣಿ, ಇವತ್ತ ಮಳಿಯಾಗ ಏನ್ ಹಿಡೀತು ಅಂತಿ! ಚಳಿಗಾಲದ ಟೈರ್ ಅಂದ್ರ ಇದು.”

“ಚಳಿಗಾಲದ್ದು... ಮೂಲ್ಯಾಗಿನವು ಅಲ್ಲೇನ್ರಿ?”

“ಹುಚ್ಚಿ! ಈ ದೇಶದಾಗ ಆಗಸ್ಟ್ ಅಂದ್ರ ಚಳಿಗಾಲ. ಹಾಕ್ಕೊಂಡದ್ದು ಚಳಿಗಾಲದ್ದು. ಮೂಲ್ಯಾಗಿನವು ಬ್ಯಾಸಿಗಿವು. ನನ್ನ ಬಂಗಾರದವು!”

ಜೋಡಿಸಿಟ್ಟ ಜಗಳವನ್ನೆಲ್ಲ ಅಲ್ಲೇ ಬಿಟ್ಟು ಚಹಾ ಸೋಸಲು ಒಳಗೆ ಹೋದೆ. ಆ ರಾತ್ರಿಯೇ ಹಳೆಯ ಕೌದಿಗಳನ್ನು ಸುತ್ತಿ ಮೂರು ಚೀಲಕ್ಕೆ ತುರುಕಿದೆ. ನಾಲ್ಕನೆಯದಕ್ಕೆ ಜೋಳದ ಹಿಟ್ಟನ್ನೇ ಸುರಿದು ದುಂಡಗೆ ಬಡಿದೆ. ನನ್ನ ಮೂಲೆ ಖಾಲಿಯಾಗಿತ್ತು, ಅದನ್ನು ನಾನೇ ಮತ್ತೆ ತುಂಬಬೇಕಾಯಿತು. ಒಲೆ ಒಳಗೇ ಉಳಿಯಿತು, ಅಲಾರಂ ಕಿರುಚುತ್ತಲೇ ಇತ್ತು. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ, ನೀವೇ ಹೇಳಿ.

ಅಕ್ಟೋಬರಿನಲ್ಲಿ ಗಂಡ, “ಚಳಿ ಹೋತು, ಇನ್ನ ಗಾಲಿ ಬದಲಸೋಣು” ಎಂದರು. ನಾನು ಸ್ವೆಟರ್ ಹಾಕಿಕೊಂಡು ಅಡ್ಡ ನಿಂತೆ.

“ಇನ್ನೂ ಚಳಿ ಐತ್ರಿ! ಏಳು ಡಿಗ್ರಿ ಕೆಳಗ ಇಳದ್ರ ರಬ್ಬರ್ ಕಲ್ಲಾಗಂಗಿಲ್ಲೇನು?”

ಹೌದು, ಈ ಬಾಯಿಂದಲೇ ಆ ಮಾತು ಬಂತು. ಗಂಡನಿಗೆ ಎಷ್ಟು ಆನಂದವಾಯಿತೆಂದರೆ, ಕೊನೆಗೂ ತನ್ನ ಶಾಸ್ತ್ರ ಹೆಂಡತಿಯ ತಲೆಗೆ ಹತ್ತಿತು ಎಂದು ಕಣ್ಣು ತುಂಬಿಕೊಂಡರು. ನವೆಂಬರಿನಲ್ಲಿ ಮತ್ತೆ ಶುರು ಮಾಡಿದರು: “ಈ ಬಿಸಲಾಗ ಚಳಿಗಾಲದ ಟೈರ್ ಸಾಬಾಣದಂಗ ಕರಗತಾವ!” ನಾನು ಸ್ವೆಟರಿನ ಮೇಲೊಂದು ಶಾಲು ಹೊದ್ದು ಕೆಮ್ಮಿದೆ. ಡಿಸೆಂಬರಿನಲ್ಲಿ ಸ್ವತಃ ಅತ್ತೆಯೇ ನನ್ನ ಕೈ ಹಿಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಊರಿಂದ ತಂದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ಕನ್ನಡಕ ಏರಿಸಿ ಓದಿದರು.

“ಹೇಮಂತ ಋತು ಅಂತ ಬರದಾರಲ್ಲೋ ತಮ್ಮಾ. ಚಳಿ ಈಗ ಸುರು ಆಗತೈತಿ.”

“ಅವ್ವಾ, ಅದು ಬಾಗಲಕೋಟ್ಯಾಗ. ಇಲ್ಲೆ ಡಿಸೆಂಬರ್ ಅಂದ್ರ ಬ್ಯಾಸಿಗಿ.”

“ಕ್ಯಾಲೆಂಡರ್ ಸುಳ್ಳ ಹೇಳತೈತೇನು? ನಿನ್ನ ಹೇಂತಿ ನೋಡು, ಹೆಂಗ ನಡುಗಾಕತ್ತಾಳ!”

(ನಡುಗುತ್ತಿದ್ದದ್ದು ನಿಜ. ಕಾರಣ ಬೇರೆ.) ಅವ್ವನ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಭಾನುವಾರ. ಏವನ್‌ಡೇಲ್ ಸಂತೆಯಿಂದ ಮೆಂತ್ಯೆ ಸೊಪ್ಪು ತರಲು ಗಂಡನನ್ನು ಕಳಿಸಿದ್ದೆ. ಹಾರ್ನ್ ಕೇಳಿ ಹೊರಗೆ ಬಂದರೆ, ಮುಂದಿನ ಸೀಟಿನಲ್ಲಿ ಬಂಗಾರದ ಬಣ್ಣದ ಗಾಲಿಯೊಂದು ಬೆಲ್ಟು ಕಟ್ಟಿಕೊಂಡು ಕುಳಿತಿತ್ತು. ಹಿಂದೆ ಇನ್ನೂ ಮೂರು. ಮೆಂತ್ಯೆ ಇರಲಿಲ್ಲ.

“ಏನ್ ದೈವ ಅಂತಿ ರುದ್ರಾಣಿ! ಒಬ್ಬಾಂವ ಮಾರಾಕ ಇಟ್ಟಿದ್ದ. ನನ್ನವು ಹೆಂಗದಾವ ಹಂಗ! ಹನ್ನೆರಡು ಗಾಲಿ ಆದೂ ಈಗ.”

“ವಾಪಸ್ ಕೊಟ್ಟ ಬರ್ರಿ!” ಎಂದು ಕಿರುಚಿದೆ. ಅವರಿಗೆ ಅದು ಕೇಳಿಸಲೇ ಇಲ್ಲ.

“ನೋಡಿಲ್ಲೆ. ನೀ ಅವತ್ತ ಅಂಗಡಿ ಮುಂದ ಫುಟ್‌ಪಾತಿಗೆ ತಿಕ್ಕಿ ನನ್ನ ಗಾಲಿಗೆ ಗೀರು ಹಾಕಿದ್ದಿ ನೆನಪೈತಿ? ಇದಕ್ಕೂ ಹಂತಾದ ಗೀರು ಐತಿ! ಅದ ಜಾಗಾದಾಗ!”

ಅಷ್ಟು ಹೇಳುತ್ತಿದ್ದಂತೆ ಅವರ ನಗು ಮಾಸಿತು. “ತಡಿ, ಜೋಡಿಸಿ ನೋಡೂಣು” ಎಂದು ಗ್ಯಾರೇಜಿಗೆ ನಡೆದರು. ನಾನು ಮೂಲೆಗೆ ಅಡ್ಡ ನಿಂತೆ, ಕೆಮ್ಮಿದೆ, ತಲೆ ಸುತ್ತು ಎಂದೆ. ಅವರು ನನ್ನನ್ನು ಸರಿಸಿ ಮೇಲಿನ ಚೀಲವನ್ನು ಎಳೆದರು. ಜೋಳದ ಹಿಟ್ಟು ಅವರ ಬೂಟಿನ ಮೇಲೆ ಸುರಿಯಿತು.

“ಐ ಟೋಲ್ಡ್ ಯು, ಮಮ್ಮೀ” ಎಂದಳು ಬಾಗಿಲಲ್ಲಿ ನಿಂತ ವಚನಾ.

ಓಂಕಾರ ಬೂಟು ನೋಡಿದರು, ಗೀರು ನೋಡಿದರು, ಆಮೇಲೆ ಬೆವರಿನಲ್ಲಿ ತೊಯ್ದು ನಿಂತ ನನ್ನನ್ನು ನೋಡಿದರು.

“ಅವ್ವಾ, ಕ್ಯಾಲೆಂಡರಿನಾಗ ಈಗ ಯಾವ ಋತು?”

ಅತ್ತೆ ನೆಲದ ಮೇಲಿನ ಹಿಟ್ಟನ್ನೂ ನನ್ನ ಮುಖವನ್ನೂ ನೋಡಿ, “ಅದು ಬಾಗಲಕೋಟೀದಪ್ಪಾ” ಎಂದು ಒಳಗೆ ಹೋದರು.

“ರುದ್ರಾಣಿ, ಸ್ವೆಟರ್ ತಗಿ,” ಎಂದರು ನನ್ನ ಗಂಡ, “ಬ್ಯಾಸಿಗಿ ಬಂತು.”

ಸಂಜೆಗೆ ಬಂಗಾರದ ಗಾಲಿಗಳು ಕಾರು ಸೇರಿದವು. ಬಿಚ್ಚಿದ ಕಪ್ಪು ಗಾಲಿಗಳಿಗೆ ಚೀಲ ತೊಡಿಸಿ, ಒಂದೊಂದಾಗಿ ಉರುಳಿಸಿಕೊಂಡು ಹೋಗಿ ನನ್ನ ಒಲೆಯ ಮೂಲೆಯಲ್ಲಿ ಕೂರಿಸಿದ್ದು ನಾನೇ.